ಐದು ಸೆಕೆಂಡಿನ ನೋಟ

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 10 ಗಂಟೆ 42 ನಿಮಿಷ. ಆಪರೇಷನ್ ಥಿಯೇಟರಿನ ಗೋಡೆಯಲ್ಲಿದ್ದ ಚಿಕ್ಕ ಕಿಟಕಿಯಿಂದ ಒಂದು ಸ್ಟೀಲ್ ಬಟ್ಟಲು ಪಕ್ಕದ ಕೋಣೆಗೆ ಬಂತು. ಬಟ್ಟಲಿನ ತಳದ ಒದ್ದೆ ಬಟ್ಟೆಯ ಮೇಲೆ ಉಗುರಿನಗಲದ ಒಂದು ತುಣುಕು ಇತ್ತು. ಒಳಗೆ ಮಲಗಿದ್ದ ಹೆಂಗಸಿನ ಸ್ತನದಲ್ಲಿದ್ದ ಗಡ್ಡೆಯನ್ನು ಸರ್ಜನ್ ತೆಗೆದಾಗಿತ್ತು. ಇದು ಗಡ್ಡೆ ಇದ್ದ ಜಾಗದ ಅಂಚು. ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎಂದು ಯಾರಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರೆಗೆ ಗಾಯ ಹೊಲಿಯುವಂತಿಲ್ಲ. ಉತ್ತರ ಬರುವವರೆಗೆ ಆಕೆ ಅರಿವಳಿಕೆಯಲ್ಲಿ ಮಲಗಿರುತ್ತಾಳೆ, ಸರ್ಜನ್ ಕೈಗವಸು ತೊಟ್ಟ ಕೈಗಳನ್ನು ಎದೆಯ ಮುಂದೆ ಹಿಡಿದುಕೊಂಡು ಗಡಿಯಾರ ನೋಡುತ್ತಾನೆ.

ಲ್ಯಾಬ್ ಟೆಕ್ನಿಷಿಯನ್ ತುಣುಕನ್ನು ಹೆಪ್ಪುಗಟ್ಟಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿಗಂಟಿಸಿ, ಬಣ್ಣ ಹಾಕಿ, ಸ್ಕ್ಯಾನರಿನ ಬಾಯಿಗೆ ಇಟ್ಟ. ಸ್ಕ್ಯಾನರಿಗೆ ಅವನು ಇಟ್ಟ ಹೆಸರು ಅಜ್ಜ. ಕೆಮ್ಮುತ್ತಾನೆ, ಗೊಣಗುತ್ತಾನೆ, ಆದರೆ ಕೆಲಸ ತಪ್ಪಿಸುವುದಿಲ್ಲ. ಇಷ್ಟಕ್ಕೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಆಮೇಲಿನದು ನೋಡುವವರ ಪಾಲು, ಮತ್ತು ನೋಡುವವರು ಆ ಕಟ್ಟಡದಲ್ಲಿರಲಿಲ್ಲ. ಅವರು ಬಹಳ ದೂರದ ಒಂದು ಬೆಟ್ಟದ ನೆತ್ತಿಯ ಮೇಲೆ, ಹವಾಮಾನ ಕೇಂದ್ರದ ವಸತಿಗೃಹದಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು.

ಹತ್ತೊಂಬತ್ತು ವರ್ಷ ಅವರು ಇದೇ ಆಸ್ಪತ್ರೆಯ ಪೆಥಾಲಜಿಸ್ಟ್ ಆಗಿದ್ದವರು. ಅವರ ಗಂಡ ಹವಾಮಾನ ವೀಕ್ಷಕ. ಹೆಂಡತಿಯ ಕೆಲಸಕ್ಕಾಗಿ ಮೂರು ಸಲ ಬಡ್ತಿ ಬಿಟ್ಟುಕೊಟ್ಟು ಊರಲ್ಲೇ ಉಳಿದಿದ್ದ ಆ ಮನುಷ್ಯನಿಗೆ ಎರಡು ವರ್ಷದ ಹಿಂದೆ, ನಿವೃತ್ತಿಗೆ ಮುಂಚೆ, ಬೆಟ್ಟದ ಕೇಂದ್ರ ಸಿಕ್ಕಿತು. ಈಗ ನನ್ನ ಸರದಿ ಎಂದು ಇವರು ಪೆಟ್ಟಿಗೆ ಕಟ್ಟಿದರು. ಆಸ್ಪತ್ರೆಗೆ ಬೇರೆಯವರು ಸಿಗಲಿಲ್ಲ. ಆಗ ಗಾಜಿನ ಮೇಲಿನ ಚಿತ್ರವನ್ನು ಬೆಟ್ಟಕ್ಕೆ ಕಳಿಸುವ ವ್ಯವಸ್ಥೆ ಮಾಡಿದವಳು ಅವರ ಅಕ್ಕನ ಮಗಳು. ಆಸ್ಪತ್ರೆಯ ಸಾಫ್ಟ್‌ವೇರ್ ಕೆಲಸವನ್ನೆಲ್ಲ ಒಬ್ಬಳೇ ನೋಡಿಕೊಳ್ಳುತ್ತಿದ್ದವಳು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಮೂವತ್ತಾರು ವರ್ಷವಾಗಿ, ತಲೆಯಲ್ಲಿ ಬಿಳಿಗೂದಲು ಇಣುಕಿದ ಮೇಲೂ ಆ ಹೆಸರು ಹಾರಿಹೋಗಿರಲಿಲ್ಲ.

ಅವತ್ತು ಗುಬ್ಬಿ ಟೆಕ್ನಿಷಿಯನ್ನನ ಪಕ್ಕದಲ್ಲೇ ನಿಂತು ಸ್ಪೀಕರಿನಲ್ಲಿ ಚಿಕ್ಕಮ್ಮನ ಉಸಿರು ಕೇಳುತ್ತಿದ್ದಳು. ಬಂತು ಎನ್ನುತ್ತಿದ್ದರು, ಮತ್ತೆ ಬೂದುಬಣ್ಣವಾಯಿತು ಎನ್ನುತ್ತಿದ್ದರು. ನೋಡಬೇಕಾದ ಜಾಗಕ್ಕೆ ಹೋದರೆ ಪರದೆಯ ತುಂಬ ಬೂದು ಚೌಕಗಳು, ಅವು ಒಂದೊಂದಾಗಿ ತುಂಬುವಷ್ಟರಲ್ಲಿ ಹಿಂದೆ ನೋಡಿದ್ದು ಮನಸ್ಸಿನಿಂದ ಜಾರಿರುತ್ತಿತ್ತು, ಮತ್ತೆ ಹಿಂದಕ್ಕೆ. ಅಂಚು ಸ್ವಚ್ಛವಾಗಿದೆ ಎಂದು ಅವರು ಹೇಳಿದಾಗ ಬಟ್ಟಲು ಹೊರಬಂದು ಮೂವತ್ತೊಂದು ನಿಮಿಷವಾಗಿತ್ತು. ಇಪ್ಪತ್ತು ನಿಮಿಷ ಮೀರಬಾರದು ಎಂಬುದು ಥಿಯೇಟರಿನ ನಿಯಮ.

ಮಧ್ಯಾಹ್ನ ಸರ್ಜನ್ ಗುಬ್ಬಿಯ ಕೋಣೆಗೆ ಬಂದ. ಎರಡು ಮೇಜು, ಒಂದು ಕುರ್ಚಿ, ಯಾರೂ ಒಯ್ಯದ ಹಳೇ ಪ್ರಿಂಟರುಗಳಿದ್ದ ಆ ಕೋಣೆಯಲ್ಲಿ ಕೂರಲು ಜಾಗ ಸಿಗದೆ ಒಂದು ಪ್ರಿಂಟರಿನ ಮೇಲೆಯೇ ಕೂತ. ಗದರಲು ಬಂದಿರಲಿಲ್ಲ. ಕಾಯುವಷ್ಟರಲ್ಲಿ ರೋಗಿಯ ರಕ್ತದೊತ್ತಡ ಎರಡು ಸಲ ಇಳಿಯಿತು, ಅರಿವಳಿಕೆಯ ಡಾಕ್ಟರು ತನ್ನ ಮುಖ ನೋಡಿದರು ಎಂದ. ನಿಮ್ಮ ಚಿಕ್ಕಮ್ಮನ ಕಣ್ಣಿನ ಮೇಲೆ ನನಗೆ ನನ್ನ ಕೈಗಿಂತ ಹೆಚ್ಚು ನಂಬಿಕೆ ಎಂದೂ ಹೇಳಿದ. ಆಮೇಲೆ ಪ್ರಿಂಟರಿನ ಗುಂಡಿಯೊಂದನ್ನು ಒತ್ತುತ್ತಾ ವಿಷಯಕ್ಕೆ ಬಂದ.

"ಮುಂದಿನ ಮಂಗಳವಾರ ಇನ್ನೊಬ್ಬರು ಇದ್ದಾರೆ. ಅವತ್ತೂ ಇಪ್ಪತ್ತು ದಾಟಿದ್ರೆ ನಾನು ಇದನ್ನ ನಿಲ್ಲಿಸಬೇಕಾಗುತ್ತೆ. ನಿಮ್ಮ ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನೀವು ಹೇಳೋದು ಬೇಡ."

ನಿಲ್ಲಿಸಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ರೋಗಿಯ ಗಾಯ ಹೊಲಿದು ಮನೆಗೆ ಕಳಿಸುವುದು. ತುಣುಕನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಉತ್ತರಕ್ಕೆ ಕಾಯುವುದು. ಅಂಚಿನಲ್ಲಿ ಏನಾದರೂ ಉಳಿದಿದ್ದರೆ ಮತ್ತೆ ಕರೆಸಿ ಮತ್ತೆ ಕತ್ತರಿಸುವುದು. ಚಿಕ್ಕಮ್ಮನಿಗೆ ಉಳಿಯುವುದು ಬೆಟ್ಟ, ಗಾಳಿ ಮತ್ತು ಗಂಡನ ಮಳೆಮಾಪಕ.

ತೊಡಕು ಎಲ್ಲಿದೆ ಎಂಬುದು ಗುಬ್ಬಿಗೆ ಅರ್ಧ ಗೊತ್ತಿತ್ತು. ಗಾಜಿನ ಮೇಲಿನ ಚಿತ್ರ ಒಂದೇ ಹಾಳೆಯಲ್ಲ. ಅದನ್ನು ಸಾವಿರಾರು ಸಣ್ಣ ಚೌಕಗಳಾಗಿ ಕತ್ತರಿಸಿ ಸರ್ವರಿನಲ್ಲಿ ಇಟ್ಟಿರುತ್ತದೆ. ನೋಡುವವರು ಎಲ್ಲಿಗೆ ಹೋಗುತ್ತಾರೋ ಅಲ್ಲಿನ ಚೌಕಗಳನ್ನಷ್ಟೇ ಬ್ರೌಸರ್ ಕೇಳಿ ತರಿಸಿಕೊಳ್ಳುತ್ತದೆ. ಒಂದು ಪರದೆ ತುಂಬಲು ಸುಮಾರು ಐವತ್ತು. ಹಳೇ ಪದ್ಧತಿಯಲ್ಲಿ ಬ್ರೌಸರ್ ಒಂದು ಸರ್ವರಿಗೆ ಆರು ಸಂಪರ್ಕಗಳಿಗಿಂತ ಹೆಚ್ಚು ತೆರೆಯುವುದಿಲ್ಲ, ಒಂದೊಂದರಲ್ಲೂ ಒಂದು ಸಲಕ್ಕೆ ಒಂದೇ ಚೌಕ. ಆರು ಜನ ಅಂಗಡಿಗೆ ಓಡಿ, ಒಬ್ಬೊಬ್ಬರು ಒಂದೊಂದೇ ಸಾಮಾನು ತಂದು, ಇಟ್ಟು, ಮತ್ತೆ ಓಡಿದ ಹಾಗೆ. ಅಂಗಡಿ ಪಕ್ಕದಲ್ಲಿದ್ದರೆ ಇದೇನೂ ಕಷ್ಟವಲ್ಲ. ಆದರೆ ಬೆಟ್ಟಕ್ಕೆ ಇದ್ದದ್ದು ಉಪಗ್ರಹದ ಸಂಪರ್ಕ. ಬೇಡಿಕೆ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ ಹೋಗಬೇಕು. ಬೆಳಕಿಗೇ ಅರ್ಧ ಸೆಕೆಂಡು ಬೇಕಾಗುವ ದಾರಿ ಅದು. ಅಲ್ಲಿ ಚೌಕಾಸಿ ನಡೆಯುವುದಿಲ್ಲ.

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಹೊಸ ಪದ್ಧತಿ ಬಂದು ಬಹಳ ವರ್ಷಗಳಾಗಿದ್ದವು. ಎಚ್‌ಟಿಟಿಪಿ ಎರಡನೇ ಆವೃತ್ತಿಯಲ್ಲಿ ಸಂಪರ್ಕ ಒಂದೇ, ಆದರೆ ಅದರೊಳಗೆ ಐವತ್ತು ಬೇಡಿಕೆಗಳನ್ನು ಒಟ್ಟಿಗೆ ಕಳಿಸಬಹುದು. ಉತ್ತರಗಳು ಒಂದಕ್ಕೊಂದು ಕಾಯದೆ, ಬೆರೆತು ಬರುತ್ತವೆ. ಒಬ್ಬನೇ ಹೋಗಿ ಇಡೀ ಚೀಲ ತುಂಬಿಕೊಂಡು ಬಂದ ಹಾಗೆ. ಗುಬ್ಬಿಯ ಸರ್ವರ್ ಜಾವಾಸ್ಕ್ರಿಪ್ಟಿನಲ್ಲಿತ್ತು. ಅದರ ಫ್ರೇಮ್‌ವರ್ಕಿನಲ್ಲಿ ಈ ಪದ್ಧತಿಯನ್ನು ಚಾಲೂ ಮಾಡಲು ಸರ್ವರ್ ಶುರುವಾಗುವ ಜಾಗದಲ್ಲಿ ಒಂದು ಸಾಲು ಸೇರಿಸಿ, ಗೂಢಲಿಪಿಯ ಪ್ರಮಾಣಪತ್ರ ಎಲ್ಲಿದೆ ಎಂದು ತೋರಿಸಿದರೆ ಸಾಕು. ನಡೆಯುತ್ತಿದ್ದ ಸರ್ವರನ್ನು ಮುಟ್ಟಲು ಹೆದರಿ ಅವಳು ಅದನ್ನು ಮುಂದಕ್ಕೆ ತಳ್ಳುತ್ತಾ ಬಂದಿದ್ದಳು. ಬುಧವಾರ ಬೆಳಿಗ್ಗೆ ಆ ಸಾಲು ಸೇರಿಸಿ ಸರ್ವರನ್ನು ಮತ್ತೆ ಶುರು ಮಾಡಿದಳು.

ಹತ್ತು ನಿಮಿಷಕ್ಕೆ ಟೆಕ್ನಿಷಿಯನ್ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ನಿಮ್ಮ ಹೊಸ ಭಾಷೆ ನಮ್ಮ ಅಜ್ಜನಿಗೆ ಬರಲ್ಲವಂತೆ. ಬಾಯಿ ಮುಚ್ಚಿಕೊಂಡು ಕೂತುಬಿಟ್ಟಿದ್ದಾನೆ."

ಸ್ಕ್ಯಾನರ್ ತನ್ನ ಚಿತ್ರಗಳನ್ನು ಸರ್ವರಿಗೆ ಕಳಿಸುವುದು ಹಳೇ ಪದ್ಧತಿಯಲ್ಲಿ ಎಂಬುದನ್ನು ಅವಳು ಮರೆತಿದ್ದಳು. ಹೊಸದು ಬಲ್ಲವರಿಗೆ ಹೊಸದು, ಬಾರದವರಿಗೆ ಹಳೆಯದು, ಎರಡೂ ಒಂದೇ ಬಾಗಿಲಲ್ಲಿ ಎಂದು ಹೇಳುವ ಇನ್ನೊಂದು ಸಾಲು ಬೇಕಿತ್ತು. ಅದನ್ನೂ ಬರೆದಳು. ಅಜ್ಜ ಕೆಮ್ಮಿ ಕೆಲಸಕ್ಕೆ ನಿಂತ. ಉಪಗ್ರಹದ ವಿಳಂಬವನ್ನು ತನ್ನ ಮೇಜಿನ ಮೇಲೆಯೇ ಕೃತಕವಾಗಿ ಕೂಡಿಸಿ ಅಳೆದಾಗ, ಮೊದಲು ಆರು ಸೆಕೆಂಡಿಗೆ ತುಂಬುತ್ತಿದ್ದ ಪರದೆ ಈಗ ಒಂದೂವರೆ ಸೆಕೆಂಡಿಗೆ ತುಂಬಿತು. ಐದು ಸಲ ಅಳೆದಳು. ಐದು ಸಲವೂ ಹಾಗೇ ಬಂದ ಮೇಲೆ ಬೆಟ್ಟಕ್ಕೆ ಫೋನ್ ಮಾಡಿದಳು.

ಚಿಕ್ಕಮ್ಮ ಹಳೆಯ ಸ್ಲೈಡೊಂದನ್ನು ತೆರೆದು ನೋಡಿದರು. ಮೊದಲ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು ಎಂದು ಹಿಗ್ಗಿದರು. ಆಮೇಲೆ ಒಂದೆರಡು ಸಲ ಜಾಗ ಬದಲಿಸಿ ನೋಡಿದರು. ಹುಡುಗಿಗೆ ನೋವಾಗಬಾರದೆಂದು ಅವರು ಸುತ್ತಿಬಳಸಿ ಹೇಳಿದ್ದು ಇಷ್ಟು: ಎರಡನೆಯ ಚಿತ್ರದಿಂದಾಚೆಗೆ ಇದು ಮೊದಲಿಗಿಂತ ಕಷ್ಟ. ಒಂದೊಂದು ಸಲ ಹತ್ತು ಸೆಕೆಂಡೂ ಹಿಡಿಯುತ್ತಿದೆ.

ಗುಬ್ಬಿ ಒಂದು ದಿನವೆಲ್ಲ ಹುಡುಕಿದಳು. ಅವಳ ಮೇಜಿನ ಮೇಲೆ ಎಲ್ಲವೂ ಸರಿ. ಬೆಟ್ಟದ ಮೇಲೆ ಮಾತ್ರ ಇಲ್ಲ. ಬಂದ ಬೇಡಿಕೆಗಳನ್ನೆಲ್ಲ ದಾಖಲಿಸುವ ಸರ್ವರಿನ ಲಾಗ್ ನೋಡಿದರೆ ಅಲ್ಲಿಂದ ಬೇಡಿಕೆಗಳು ಅಲೆಯಲೆಯಾಗಿ ಬರುತ್ತಿದ್ದವು. ಐವತ್ತು ಚೌಕ, ನಾಲ್ಕು ಸೆಕೆಂಡು ಬಿಟ್ಟು ಮತ್ತೆ ಐವತ್ತು, ಮತ್ತೆ ನಾಲ್ಕು ಸೆಕೆಂಡಿಗೆ ಇನ್ನೈವತ್ತು. ಮನುಷ್ಯರು ಹೀಗೆ ನೋಡುವುದಿಲ್ಲ, ಇದು ತನ್ನ ಪ್ರೋಗ್ರಾಮಿನದೇ ದೋಷ ಎಂದುಕೊಂಡಳು. ದೋಷ ಸಿಗಲಿಲ್ಲ. ಶುಕ್ರವಾರ ಸಂಜೆ, ಬೇರೆ ದಾರಿ ಕಾಣದೆ, ಚಿಕ್ಕಮ್ಮ ಕೆಲಸ ಮಾಡುವುದನ್ನು ವಿಡಿಯೋ ಕಾಲಿನಲ್ಲಿ ತೋರಿಸಿ ಎಂದು ಚಿಕ್ಕಪ್ಪನನ್ನು ಕೇಳಿಕೊಂಡಳು.

ಚಿಕ್ಕಪ್ಪ ಫೋನನ್ನು ಹೆಂಡತಿಯ ಭುಜದ ಹಿಂದೆ ಹಿಡಿದು ನಿಂತರು. ಪರದೆ ಕಾಣಿಸಿತು, ಪಕ್ಕದಲ್ಲಿ ಅರ್ಧ ಸುಲಿದ ಬಟಾಣಿಯ ತಟ್ಟೆ, ಆಚೆ ಕಿಟಕಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣದ ತುದಿ. ಚಿಕ್ಕಮ್ಮ ಒಂದು ಜೀವಕೋಶದ ಗುಂಪನ್ನು ನೋಡುತ್ತಿದ್ದರು. ಕುತ್ತಿಗೆ ಮುಂದೆ ಚಾಚಿತ್ತು, ಕಣ್ಣು ಕದಲುತ್ತಿರಲಿಲ್ಲ. ಆದರೆ ಅವರ ಬಲಗೈ ಮೌಸನ್ನು ಸರ್ರನೆ ಒಂದು ಬದಿಗೆ ಎಳೆಯಿತು. ಪರದೆಯ ತುಂಬ ಬೂದು ಚೌಕಗಳು ಬಂದವು. ಕೈ ಮತ್ತೆ ಮೊದಲಿನ ಜಾಗಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಗೆ. ಮತ್ತೆ ವಾಪಸು.

"ಚಿಕ್ಕಮ್ಮ, ನಿಮ್ಮ ಕೈ ಏನು ಮಾಡ್ತಿದೆ?"

"ಯಾವ ಕೈ?"

"ಅಯ್ಯೋ, ಅದಾ," ಎಂದರು ಚಿಕ್ಕಪ್ಪ ಫೋನಿನ ಹಿಂದಿನಿಂದ. "ಎರಡು ವರ್ಷದಿಂದ ಇವಳು ತೊಟ್ಟಿಲು ತೂಗ್ತಿದ್ದಾಳೆ. ಮಗು ಯಾವುದು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ."

ಚಿಕ್ಕಮ್ಮ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಆಮೇಲೆ ನೆನಪು ಮಾಡಿಕೊಂಡು ಹೇಳಿದರು. ಶುರುವಿನಲ್ಲಿ ಅವರು ಮೊದಲಿನಂತೆಯೇ ಒಂದು ಜಾಗ ಹಿಡಿದು ನಿಧಾನವಾಗಿ ನೋಡುತ್ತಿದ್ದರು. ಆದರೆ ಹಾಗೆ ನೋಡಿ ಮುಂದಕ್ಕೆ ಹೋದಾಗಲೆಲ್ಲ ಪರದೆ ತೀರಾ ಹೊತ್ತು ಮಾಡುತ್ತಿತ್ತು. ಚುರುಕಾಗಿ ಓಡಾಡಿಸುತ್ತಿದ್ದರೆ ಅಷ್ಟು ಹೊತ್ತು ಮಾಡುತ್ತಿರಲಿಲ್ಲ.

"ಸುಮ್ನೆ ನೋಡ್ತಾ ಕೂತ್ರೆ ಅದು ನಿದ್ದೆ ಹೋಗಿಬಿಡುತ್ತೆ ಗುಬ್ಬಿ. ಎಬ್ಬಿಸೋಕೆ ಹೊತ್ತಾಗುತ್ತೆ. ಅದಕ್ಕೇ ಆಗಾಗ ಅಲ್ಲಾಡಿಸ್ತಿರ್ತೀನಿ. ಸ್ವಲ್ಪ ಅಲ್ಲಾಡಿಸಿದ್ರೆ ಸಾಲದು, ಬೂದು ಚೌಕ ಕಾಣೋವರೆಗೂ ಎಳೀಬೇಕು, ಆಗಲೇ ಅದಕ್ಕೆ ಎಚ್ಚರ."

ತೊಡಕಿನ ಉಳಿದರ್ಧ ಗುಬ್ಬಿಗೆ ಈಗ ತಿಳಿಯಿತು. ಐದು ಸೆಕೆಂಡು ಯಾವ ಬೇಡಿಕೆಯೂ ಬರದಿದ್ದರೆ ಸಂಪರ್ಕ ಮುಚ್ಚಬೇಕು ಎಂಬುದು ಆ ಸರ್ವರಿನ ಜೊತೆಗೇ ಬಂದಿದ್ದ ನಿಯಮ. ಸಾಮಾನ್ಯ ಜಾಲತಾಣಕ್ಕೆ ಅದು ಸರಿಯೇ; ಐದು ಸೆಕೆಂಡು ಸುಮ್ಮನಿದ್ದವನು ಹೊರಟುಹೋದ ಎಂದು ಲೆಕ್ಕ. ಇಲ್ಲಿ ಸುಮ್ಮನಿದ್ದವರು ಯೋಚಿಸುತ್ತಿದ್ದರು. ಮುಚ್ಚಿದ ಸಂಪರ್ಕವನ್ನು ಮತ್ತೆ ತೆರೆಯಲು ಎರಡು ಮೂರು ಸಲ ಉಪಗ್ರಹಕ್ಕೆ ಹೋಗಿ ಬರಬೇಕು. ಆಮೇಲೆಯೇ ಮೊದಲ ಚೌಕ. ಹೆಚ್ಚು ಯೋಚಿಸಿದವರಿಗೆ ಹೆಚ್ಚು ಕಾಯುವ ಶಿಕ್ಷೆ. ಹತ್ತೊಂಬತ್ತು ವರ್ಷ ಒಂದೇ ಕಡೆ ದೃಷ್ಟಿ ನೆಟ್ಟು ಕೂರಲು ಕಲಿತಿದ್ದ ಕಣ್ಣನ್ನು ಎರಡು ವರ್ಷದಲ್ಲಿ ಐದೈದು ಸೆಕೆಂಡಿನ ಚೂರುಗಳಾಗಿ ಕತ್ತರಿಸಿದ್ದು ಯಾರೂ ಬದಲಿಸದೆ ಬಿಟ್ಟಿದ್ದ ಒಂದು ಅಂಕಿ.

ಹೊಸ ಪದ್ಧತಿ ಯಾಕೆ ಸೋತಿತು ಎಂಬುದಕ್ಕೂ ಆ ಕೈಯಲ್ಲೇ ಉತ್ತರವಿತ್ತು. ಹಳೆಯದರಲ್ಲಿ ಅಲ್ಲಾಡಿಸಿದಾಗ ಆರೇ ಚೌಕಗಳು ಹೊರಡುತ್ತಿದ್ದವು. ಉಳಿದವು ಸರದಿಯಲ್ಲಿ ಕಾಯುತ್ತಿರುವಾಗಲೇ ಅವರು ವಾಪಸಾಗಿ, ಆ ಬೇಡಿಕೆಗಳು ಬಿದ್ದುಹೋಗುತ್ತಿದ್ದವು. ಹೊಸದರಲ್ಲಿ ಕಾಯುವ ಮಾತೇ ಇಲ್ಲ. ಪ್ರತಿ ತೂಗಿಗೂ ಐವತ್ತು ಬೇಡಿಕೆ ಒಟ್ಟಿಗೆ ಹಾರುತ್ತಿದ್ದವು, ಯಾರಿಗೂ ಬೇಡವಾದ ಐವತ್ತು ಚೌಕಗಳು ಉಪಗ್ರಹದ ಕಿರಿದಾದ ದಾರಿಯನ್ನು ತುಂಬಿಕೊಂಡು ಇಳಿಯುತ್ತಿದ್ದವು, ಬೇಕಾದವು ಅವುಗಳ ಹಿಂದೆ ನಿಂತಿರುತ್ತಿದ್ದವು. ಗುಬ್ಬಿ ತನ್ನ ಮೇಜಿನ ಮೇಲೆ ಅಳೆಯುವಾಗ ಕೈಯನ್ನು ಸುಮ್ಮನೆ ಇಟ್ಟುಕೊಂಡಿದ್ದಳು.

ಶನಿವಾರ ಎರಡು ಕೆಲಸ ಮುಗಿಸಿದಳು. ಬೇಡಿಕೆಯಿಲ್ಲದೆ ಹತ್ತು ನಿಮಿಷ ಕಳೆದರೂ ಸಂಪರ್ಕ ಮುಚ್ಚಬಾರದು ಎಂದು ಸರ್ವರಿಗೆ ಬರೆದಳು. ಮತ್ತೆ, ನೋಡುವವರು ಒಂದು ಜಾಗ ಬಿಟ್ಟು ಹೋದ ಕೂಡಲೇ ಅಲ್ಲಿನ ಚೌಕಗಳು ಬೇಡ ಎಂದು ಪುಟ ತಿಳಿಸುವ ಹಾಗೆ ಮಾಡಿದಳು; ಸಂಪರ್ಕ ಕಡಿಯದೆ ಬೇಡವಾದದ್ದನ್ನಷ್ಟೇ ನಿಲ್ಲಿಸುವುದು ಹೊಸ ಪದ್ಧತಿಯಲ್ಲಿ ಸಾಧ್ಯವಿತ್ತು. ಪರದೆಗಳು ಬೆಟ್ಟದ ಮೇಲೂ ಬೇಗ ತುಂಬತೊಡಗಿದವು. ಆದರೆ ಕೈ ನಿಲ್ಲಲಿಲ್ಲ. ಭಾನುವಾರ ಅಭ್ಯಾಸಕ್ಕೆ ಕೂತಾಗ ಚಿಕ್ಕಮ್ಮ ಮೂರು ಸಲ ನಿಲ್ಲಿಸಿ ನಾಲ್ಕನೆಯ ಸಲ ಮರೆತರು. ಈ ಕೈಗೆ ಯಾರ ಮಾತೂ ನಾಟುವುದಿಲ್ಲ, ಮದುವೆಯ ಮುಂಚೆಯೇ ತನಗೆ ಹೇಳಬೇಕಿತ್ತು ಎಂದರು ಚಿಕ್ಕಪ್ಪ. ಕೊನೆಗೆ ಚಿಕ್ಕಮ್ಮನೇ ಒಂದು ಉಪಾಯ ಕಂಡುಕೊಂಡರು. ನೋಡಬೇಕಾದ ಜಾಗ ಸಿಕ್ಕ ಕೂಡಲೇ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತುಬಿಟ್ಟರು.

"ಐವತ್ತೇಳು ವರ್ಷಕ್ಕೆ ಶಾಲೆ ಹುಡುಗಿ ಹಾಗೆ ಕೂತಿದ್ದೀನಿ ನೋಡು."

"ಅದು ನಿದ್ದೆ ಹೋಗಲ್ಲ ಚಿಕ್ಕಮ್ಮ. ಎಷ್ಟು ಹೊತ್ತು ಬೇಕಾದ್ರೂ ನೋಡಿ."

"ನೀನು ಹೇಳ್ತೀಯ, ನಾನು ನಂಬ್ತೀನಿ. ಕೈ ನಂಬಬೇಕಲ್ಲ."

ಮಂಗಳವಾರ ಬೆಳಿಗ್ಗೆ ಬಟ್ಟಲು ಕಿಟಕಿಯಿಂದ ಬಂತು. ಟೆಕ್ನಿಷಿಯನ್ ಹೆರೆದ, ಬಣ್ಣ ಹಾಕಿದ, ಅಜ್ಜನ ಬೆನ್ನು ತಟ್ಟಿದ. ಹನ್ನೆರಡನೆಯ ನಿಮಿಷಕ್ಕೆ ಚಿತ್ರ ಸಿದ್ಧವಾಯಿತು. ಗುಬ್ಬಿ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಲಾಗ್ ನೋಡುತ್ತಿದ್ದಳು. ಬೆಟ್ಟದಿಂದ ಐವತ್ತು ಬೇಡಿಕೆ ಬಂದವು, ಹೋದವು. ಚಿಕ್ಕಮ್ಮ ಮೇಲುಮೇಲೆ ಇಡೀ ತುಣುಕನ್ನು ಸುತ್ತಿ ಬಂದರು. ಆಮೇಲೆ ಒಂದು ಮೂಲೆಗೆ ಹೋಗಿ ಹತ್ತಿರದಿಂದ ನೋಡತೊಡಗಿದರು. ಇನ್ನೊಂದೈವತ್ತು.

ಅನಂತರ ಏನೂ ಬರಲಿಲ್ಲ.

ಲಾಗಿನ ಕೊನೆಯ ಸಾಲು ಹಾಗೇ ನಿಂತಿತ್ತು. ಸ್ಪೀಕರಿನಲ್ಲಿ ಉಸಿರೂ ಕೇಳಿಸಲಿಲ್ಲ. ಐದು ಸೆಕೆಂಡು ಕಳೆದದ್ದು ಗುಬ್ಬಿಗೆ ಗೊತ್ತಾಯಿತು, ಆಮೇಲೆ ಇನ್ನೂ ಹಲವು. ಇದಕ್ಕಾಗಿಯೇ ಅವಳು ಕೆಲಸ ಮಾಡಿದ್ದು. ಆದರೆ ಸಂಪರ್ಕ ಸತ್ತಿದ್ದರೂ ಲಾಗ್ ಕಾಣುವುದು ಹೀಗೆಯೇ. ಬೆಟ್ಟದಲ್ಲಿ ಕರೆಂಟ್ ಹೋಗಿದ್ದರೂ ಹೀಗೆಯೇ. ಟೆಕ್ನಿಷಿಯನ್ ಅವಳ ಕಡೆ ನೋಡಿ ಹುಬ್ಬೇರಿಸಿದ. ಚಿಕ್ಕಮ್ಮ, ಇದ್ದೀರಾ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಅವರ ಕಣ್ಣು ಕದಲುತ್ತದೆ, ಕೈ ಹೊರಬರುತ್ತದೆ. ಅವಳು ಲ್ಯಾಪ್‌ಟಾಪಿನ ಎರಡೂ ಅಂಚನ್ನು ಹಿಡಿದುಕೊಂಡಳು.

ಗೋಡೆಯ ಕಿಟಕಿಯಲ್ಲಿ ಮುಖಗವಸಿನ ಮೇಲೆ ಸರ್ಜನ್ನನ ಕಣ್ಣುಗಳು ಕಾಣಿಸಿದವು. ದನಿ ತಗ್ಗಿಸಿ ಕೇಳಿದ:

"ಲೈನ್ ಹೋಯ್ತಾ?"

"ಇಲ್ಲ," ಎಂದಳು ಗುಬ್ಬಿ. "ನೋಡ್ತಿದ್ದಾರೆ."

ಆತ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ತಲೆಯಾಡಿಸಿ ಕಿಟಕಿಯ ಪಕ್ಕದಲ್ಲೇ ಕೈ ಮೇಲೆತ್ತಿಕೊಂಡು ನಿಂತ. ಗಡಿಯಾರದ ಕಡೆ ತಿರುಗಲಿಲ್ಲ.

ಲಾಗಿನಲ್ಲಿ ಸಾಲುಗಳು ಜಿಗಿದವು. ಪಕ್ಕದ ಜಾಗದ ಚೌಕಗಳು ಹೊರಟವು. ಚಿಕ್ಕಮ್ಮನ ದನಿ ಬಂತು, ಎಷ್ಟೋ ಹೊತ್ತಿನಿಂದ ಬಾಯಿ ತೆರೆಯದವರ ಒಣ ದನಿ.

"ಅಂಚು ಸ್ವಚ್ಛ ಇಲ್ಲ. ಎಡಗಡೆ, ಕೆಳಗಿನ ಮೂಲೆ. ನಾಲ್ಕೈದು ಕೋಶ ಅಷ್ಟೇ, ಸಾಲು ಹಿಡಿದು ನಿಂತಿವೆ, ಮೊದಲು ಉರಿಯೂತ ಅಂದ್ಕೊಂಡೆ. ಅಲ್ಲ. ಅಲ್ಲಿ ಇನ್ನು ಸ್ವಲ್ಪ ತೆಗೀರಿ ಡಾಕ್ಟ್ರೇ."

ಬಟ್ಟಲು ಬಂದು ಹದಿನೇಳು ನಿಮಿಷವಾಗಿತ್ತು. ಸರ್ಜನ್ ಒಳಗೆ ಹೋದ. ಎರಡನೆಯ ತುಣುಕು ಬಂತು, ಅದೇ ದಾರಿಯಲ್ಲಿ ಹೋಯಿತು, ಅದು ಸ್ವಚ್ಛವಾಗಿತ್ತು. ಗಾಯ ಹೊಲಿದರು. ಆ ರೋಗಿ ಇನ್ನೊಮ್ಮೆ ಆ ಮೇಜಿಗೆ ಬರಬೇಕಾಗಿರಲಿಲ್ಲ.

ಮಧ್ಯಾಹ್ನ ಸರ್ಜನ್ ಗುಬ್ಬಿಯ ಕೋಣೆಯ ಬಾಗಿಲವರೆಗೆ ಬಂದ. ಪ್ರಿಂಟರಿನ ಮೇಲೆ ಅವಳು ಒಂದು ದಿಂಬು ಇಟ್ಟಿದ್ದನ್ನು ನೋಡಿ ನಕ್ಕ, ಆದರೆ ಕೂರಲಿಲ್ಲ.

"ಮುಂದಿನ ವಾರ ಎರಡು ಕೇಸ್ ಇದೆ. ನಾನು ಫೋನ್ ಮಾಡಲ್ಲ. ನೀವೇ ಹೇಳಿಬಿಡಿ."

ಅವಳು ಹೇಳಿದಳು. ಚಿಕ್ಕಮ್ಮ ಸರಿ ಎಂದರು, ಬಟಾಣಿ ಒಲೆಯ ಮೇಲಿದೆ ಎಂದರು, ಬಲಗೈ ಇನ್ನೂ ಜೋಮು ಹಿಡಿದಿದೆ, ಚಿಕ್ಕಪ್ಪ ಉಜ್ಜುತ್ತಿದ್ದಾರೆ ಎಂದೂ ಹೇಳಿದರು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಾಗಲಿಲ್ಲ ಎಂದರು.

ಫೋನ್ ಇಟ್ಟ ಮೇಲೆ ಗುಬ್ಬಿ ಲಾಗ್ ತೆರೆದು ಆ ಜಾಗ ಹುಡುಕಿದಳು. ಎರಡು ಬೇಡಿಕೆಗಳ ನಡುವಿನ ಅಂತರ 58 ಸೆಕೆಂಡು. ಅದಾದ ಮೇಲೆ ಪಕ್ಕದ ಪರದೆ ಪೂರ್ತಿ ತುಂಬಲು ಹಿಡಿದದ್ದು 1.4 ಸೆಕೆಂಡು.